ಕಥಿ ಕೆಡಿಸಿದವರು ಯಾರು ವೈನಿ?

ಮೊನ್ನೆ ಶುಕ್ರವಾರ ನಮ್ಮ ಮನಿಮಂದಿ ವಾಟ್ಸಾಪ್ ಗ್ರೂಪಿನಾಗ ಒಂದು ಫೋಟೋ ಬಂತು. ನಾನು, ನನ್ನ ಏಳು ವರ್ಷದ ಮೊಮ್ಮಗಳು ಒಂದ ಚಾದರದಾಗ ಕೂತು, ಚುರಮುರಿ ಬುಟ್ಟಿ ನಡುವ ಇಟ್ಕೊಂಡು, ಟಿವಿ ನೋಡಿ ಹೊಟ್ಟಿ ಹಿಡಕೊಂಡು ನಗೋ ಫೋಟೋ. ತಗದಾಕಿ ನನ್ನ ಮಗಳು. ಕೆಳಗ ಅಕಿನ ಬರದಿದ್ಲು, ಅಜ್ಜಿ-ಮೊಮ್ಮಗಳು ರಾಜಕುಮಾರಿ ಕಥಿಗೆ ಚಾಷ್ಟಿ ಮಾಡೋ ಹಳೇ ಕಾರ್ಟೂನ್ ನೋಡ್ಲಿಕತ್ತಾರ ಅಂತ.

ಹತ್ತು ನಿಮಿಷ ಆಗಿದ್ದಿಲ್ಲ, ನಮ್ಮ ದೊಡ್ಡ ವೈನಿ ಮೆಸೇಜ್ ಬಂತು. "ಕೂಸಿಗೆ ಚಂದಾಗಿ ಕಥಿ ಹೇಳೋದು ಬಿಟ್ಟು ಕಥಿಗೆ ಚಾಷ್ಟಿ ಮಾಡೋದು ತೋರಸ್ತೀಯಲ್ಲ, ನಾಳೆ ಅದು ದೊಡ್ಡವರ ಮಾತಿಗೂ ಹಿಂಗ ನಗತದ. ಮೂಲ ಕಥಿ ಕೆಡಸಬಾರದು." ಅದಕ್ಕ ಒಂಬತ್ತು ಮಂದಿ ಹೆಬ್ಬೆರಳು ಎತ್ತಿದ್ರು, ಇಬ್ರು ಕೈ ಮುಗದ್ರು. ನನ್ನ ಒಡಹುಟ್ಟಿದ ತಂಗಿನೂ ಹೆಬ್ಬೆರಳು ಎತ್ತ್ಯಾಳ, ಅದನ್ನ ನಾ ಮರಿಯೂದಿಲ್ಲ.

ಗ್ರೂಪಿನಾಗ ಉತ್ತರ ಬರದ್ರ ಅದು ಜಗಳ ಅನಸ್ತದ, ನಡುವ ಯಾರೋ ಒಬ್ರು ಗುಡ್ ಮಾರ್ನಿಂಗ್ ಹೂವು ಹಾಕ್ತಾರ, ಮಾತು ಅಲ್ಲೇ ಸಾಯ್ತದ. ಅದಕ್ಕ ಇಲ್ಲೆ ಬರೀತೀನಿ. ವೈನಿ, ಓದ್ರಿ. ಹೆಬ್ಬೆರಳು ಎತ್ತಿದವ್ರೂ ಓದ್ರಿ.

ಮೊದಲ, ನಾವು ನೋಡಿದ್ದು ಏನು ಅಂತ ಹೇಳ್ತೀನಿ, ಯಾಕಂದ್ರ ಬೈದವರೊಳಗ ಒಬ್ರೂ ಅದನ್ನ ನೋಡಿಲ್ಲ. ನಾನು ಆರು ತಿಂಗಳು ಮಗಳ ಬಾಣಂತನಕ್ಕ ಅಮೆರಿಕಾಕ್ಕ ಬಂದೀನಲ್ಲ, ಇಲ್ಲೆ ಲೈಬ್ರರಿಯೊಳಗ ಪುಸ್ತಕದ ಜೋಡಿ ಡಿವಿಡಿನೂ ಕೊಡ್ತಾರ. ಅಳಿಯ ಒಂದು ಹಳೇ ಡಬ್ಬಿ ತಂದಾ. "ರಾಕಿ ಅಂಡ್ ಹಿಸ್ ಫ್ರೆಂಡ್ಸ್" ಅಂತ. 1959ರ ನವೆಂಬರದಾಗ ಅಮೆರಿಕಾದ ಟಿವಿಯೊಳಗ ಶುರು ಆಗಿದ್ದು. ರಾಕಿ ಅಂದ್ರ ಒಂದು ಹಾರೋ ಅಳಿಲು, ಅದರ ದೋಸ್ತ ಬುಲ್‌ವಿಂಕಲ್ ಅಂತ ಒಂದು ದಡ್ಡ ಕಡವಿ. ಅವೆರಡರ ಸಾಹಸದ ನಡು ನಡುವ ಸಣ್ಣ ಸಣ್ಣ ತುಣುಕು ಬರ್ತಾವ. ಅದರಾಗ ಒಂದಕ್ಕ "ಫ್ರ್ಯಾಕ್ಚರ್ಡ್ ಫೇರಿ ಟೇಲ್ಸ್" ಅಂತ ಹೆಸರು. ನಮ್ಮ ಮಾವನವರು ಬಚ್ಚಲದಾಗ ಜಾರಿ ಬಿದ್ದಾಗ ಡಾಕ್ಟರ್ ಹೇಳಿದ್ರಲ್ಲ, ಅದ ಫ್ರ್ಯಾಕ್ಚರ್. ಮುರದ ಕಥಿಗಳು. ನಾಕು-ಐದು ನಿಮಿಷದ್ದು ಒಂದೊಂದು.

ಮಾಡಿಸಿದಂವ ಜೇ ವಾರ್ಡ್ ಅಂತ. ರೊಕ್ಕ ಕಡಿಮಿ, ಚಿತ್ರ ಬಿಡಿಸೋ ಕೆಲಸ ಬಹಳಷ್ಟು ಮೆಕ್ಸಿಕೋದಾಗ ಮಾಡಸ್ತಿದ್ರು. ಅದಕ್ಕ ಚಿತ್ರ ನೋಡಿದ್ರ ನಮ್ಮ ತಂಗಿ ರಂಗೋಲಿ ಹಂಗ ಅವ, ಒಂದು ಕಣ್ಣು ಮ್ಯಾಲೆ ಒಂದು ಕೆಳಗ. (ಹೆಬ್ಬೆರಳಿಗೆ ಹೆಬ್ಬೆರಳು ತೀರ್ತು.) ಆದ್ರ ಮಾತು! ಕಥಿ ಹೇಳಾಂವ ಎಡ್ವರ್ಡ್ ಎವರೆಟ್ ಹಾರ್ಟನ್, 1930ರ ದಶಕದ ಸಿನಿಮಾ ನಟ. ಪುರಾಣ ಹೇಳೋ ಆಚಾರ್ರಗತೆ ಮೆತ್ತಗ, ಗಂಭೀರ ಆಗಿ ಹೇಳ್ತಾನ. ಅಂವ ಗಂಭೀರ ಆದಷ್ಟೂ ನಮಗ ನಗಿ. ರಾಜಕುಮಾರಿ, ಮಾಟಗಾತಿ, ಅಜ್ಜಿ, ಮಲತಾಯಿ, ಬಹಳಷ್ಟು ಸರ್ತಿ ಇವರೆಲ್ಲಾರ ದನಿ ಒಬ್ಬಾಕಿದ, ಜೂನ್ ಫೋರೇ ಅಂತ. ಆ ಅಳಿಲು ರಾಕಿ ದನಿನೂ ಅಕೀದ. 1917ರಾಗ ಹುಟ್ಟಿ 2017ರಾಗ ಹೋದ್ಲು, ನೂರು ವರ್ಷಕ್ಕ ಒಂದೆರಡು ತಿಂಗಳು ಕಡಿಮಿ. ರಾಜಕುಮಾರಿನೂ ಮಾಟಗಾತಿನೂ ಒಬ್ಬಾಕಿನ ಗಂಟಲಿನಿಂದ ಬರ್ತಾರ ಅಂತ ನಾ ಹೇಳಿದಾಗ ಮೊಮ್ಮಗಳು ಅಂದ್ಲು, "ಅಜ್ಜಿ, ನಮ್ಮ ಅಮ್ಮನೂ ಹಂಗ, ಮುಂಜಾನೆ ಒಂದು ದನಿ, ಹೋಂವರ್ಕ್ ಹೊತ್ತಿಗೆ ಒಂದು ದನಿ." ಆ ಫೋಟೋದಾಗ ನಾವು ನಗ್ಲಿಕತ್ತಿದ್ದು ಅದಕ್ಕ.

ಈಗ ಬರ್ರಿ ಮಾತಿಗೆ. "ಮೂಲ ಕಥಿ ಕೆಡಸಬಾರದು" ಅಂದ್ರಿ. ಯಾವ ಮೂಲ ವೈನಿ?

ಮಲಗಿದ ರಾಜಕುಮಾರಿ ಕಥಿನ ತಗೋರಿ. ನಿಮಗೂ ನನಗೂ ಗೊತ್ತಿರೋದು ಡಿಸ್ನಿ ಸಿನಿಮಾದ್ದು. ಸೂಜಿ ಚುಚ್ಚತದ, ನಿದ್ದಿ ಹತ್ತತದ, ರಾಜಕುಮಾರ ಬಂದು ಮುತ್ತು ಕೊಡ್ತಾನ, ಏಳ್ತಾಳ, ಲಗ್ನ, ಮುಗೀತು. ಆ ಸಿನಿಮಾ 1959ರದು. ಅದಕ್ಕೂ ಮೊದಲ 1697ರಾಗ ಫ್ರಾನ್ಸಿನ ಪೆರೋ ಅನ್ನಾಂವ ಬರದ ಕಥಿಯೊಳಗ ಲಗ್ನ ಆದಮ್ಯಾಲೆ ಅರ್ಧ ಕಥಿ ಇನ್ನೂ ಬಾಕಿ ಇರ್ತದ. ಆ ಅರ್ಧದಾಗ ಯಾರು ಬರ್ತಾರ ಗೊತ್ತದೇನು? ಅತ್ತಿ! ರಾಜಕುಮಾರನ ಅವ್ವ ರಾಕ್ಷಸಿ. ಮಗಾ ಯುದ್ಧಕ್ಕ ಹೋದ ಮ್ಯಾಲೆ ಮೊಮ್ಮಗಳನ್ನ, ಮೊಮ್ಮಗನ್ನ, ಸೊಸಿನ್ನ ಒಬ್ಬೊಬ್ಬರನ್ನಾಗಿ ಅಡಿಗಿ ಮಾಡಿ ಬಡಸು ಅಂತ ಅಡಿಗಿಯವಗ ಹುಕುಂ ಮಾಡ್ತಾಳ. ಮೊಮ್ಮಗಳ ಜೋಡಿ ಯಾವ ಸಾರು ಆಗಬೇಕು ಅನ್ನೋದನ್ನೂ ಹೇಳ್ತಾಳ! ಅಡಿಗಿಯಂವ ಪಾಪ, ಕುರಿಮರಿ, ಆಡಿನ ಮರಿ, ಜಿಂಕಿ ಕೊಯ್ದು ಬಡಿಸಿ ಅವರನ್ನೆಲ್ಲಾ ಬಚ್ಚಿಡತಾನ. ಪೆರೋಗಿಂತ ಮೊದಲ, 1630ರ ದಶಕದಾಗ ಅಚ್ಚಾದ ಇಟಲಿಯ ಬಸೀಲೆ ಪುಸ್ತಕದಾಗ ಅಕಿ ಮುತ್ತಿಗೆ ಏಳೋದ ಇಲ್ಲ, ನಿದ್ದಿಯೊಳಗ ಇದ್ದಾಗನ ಅವಳಿ ಹಡೀತಾಳ, ಕೂಸು ಬೆರಳು ಚೀಪಿ ಮುಳ್ಳು ತಗದಾಗ ಎಚ್ಚರಾಗ್ತಾಳ. ನಿದ್ದಿಯೊಳಗ ಹೆಂಗ ಬಸರಾದ್ಲು ಅಂತ ನಾ ಬಿಡಿಸಿ ಹೇಳೂದಿಲ್ಲ. ಇದರಾಗ ಯಾವುದು ಮೂಲ, ಯಾವುದನ್ನ ಕೂಸಿಗೆ "ಚಂದಾಗಿ" ಹೇಳಲಿ?

ಕಪ್ಪಿ ರಾಜಕುಮಾರಂದೂ ಹಂಗ. ಮುತ್ತು ಕೊಟ್ಟ ಕೂಡಲೆ ಕಪ್ಪಿ ರಾಜಕುಮಾರ ಆತು ಅಂತ ನಾವೆಲ್ಲಾ ಹೇಳ್ತೀವಿ. ಗ್ರಿಮ್ ಅಣ್ಣ-ತಮ್ಮ ಅಚ್ಚು ಹಾಕಿಸಿದ ಕಥಿಯೊಳಗ ಆ ಹುಡುಗಿ ಸಿಟ್ಟಿಲೆ ಕಪ್ಪಿನ ಎತ್ತಿ ಗ್ವಾಡಿಗೆ ಒಗೀತಾಳ, ಆವಾಗ ಅದು ರಾಜಕುಮಾರ ಆಗ್ತದ! ಸ್ನೋ ವೈಟ್ ಕಥಿಯೊಳಗ 1812ರ ಮೊದಲನೇ ಅಚ್ಚಿನಾಗ ಮಗಳನ್ನ ಕೊಲ್ಲಸೋಕಿ ಹಡದ ತಾಯಿ. 1819ರ ಅಚ್ಚಿನಾಗ ಅದ ಗ್ರಿಮ್ ಮಂದಿ ಅಕಿನ್ನ ಮಲತಾಯಿ ಮಾಡಿದ್ರು. ಹಡದವ್ವ ಹಂಗ ಮಾಡ್ತಾಳಂದ್ರ ಓದೋವ್ರಿಗೆ ಕಸಿವಿಸಿ ಅಂತ ಇರಬೇಕು. ಪಾಪ ಮಲತಾಯಿ ಕೇಳೋವ್ರು ಯಾರು? ಅವತ್ತಿನಿಂದ ಇವತ್ತಿನ ತನಕ ಲೋಕದ ಮಲತಾಯಂದಿರೆಲ್ಲಾ ಆ ಒಂದು ತಿದ್ದುಪಡಿಯ ಬೈಗುಳ ತಿನ್ಲಿಕತ್ತಾರ. ಕಥಿ ಕೆಡಸೋದು ಅಂದ್ರ ಅದು. ಅದನ್ನ ಯಾರೂ ಕೆಡಿಸಿದ್ದು ಅನ್ನಲಿಲ್ಲ, ಯಾಕಂದ್ರ ಅವರು ಮಾಡಿದ್ದು ನಗಸ್ಲಿಕ್ಕೆ ಅಲ್ಲ, ಗಂಭೀರ ಮಾರಿ ಇಟ್ಕೊಂಡು ಮಾಡಿದ್ರು.

ನಮ್ಮ ಕಡೇದೂ ಹೇಳ್ತೀನಿ. ಸಿಂಡರೆಲಾ ಅಂದ್ರ ಗಾಜಿನ ಚಪ್ಪಲಿ ಅಂತೀವಿ. ಎ.ಕೆ. ರಾಮಾನುಜನ್ ಅವರು ನಮ್ಮ ಕಿತ್ತೂರಿನಾಗ ಒಬ್ಬ ಹೆಣಮಗಳ ಬಾಯಿಂದ ಬರಕೊಂಡ "ಹಂಚಿ" ಅನ್ನೋ ಕಥಿಯೊಳಗ ಚಪ್ಪಲಿ ಕೆಲಸನ ಇಲ್ಲ, ಹುಡುಗಿ ಮಾರಿಗೆ ಮಣ್ಣಿನ ಹಂಚಿನ ಮುಖವಾಡ. ಧಾರವಾಡದಿಂದ ಬಸ್ಸಿನಾಗ ಒಂದು ತಾಸಿನ ಹಾದಿ ಕಿತ್ತೂರು. ನಮ್ಮೊಳಗ ಎಷ್ಟು ಮಂದಿಗೆ ಹಂಚಿ ಗೊತ್ತು? ಗಾಜಿನ ಚಪ್ಪಲಿ ಎಲ್ಲಾರಿಗೂ ಗೊತ್ತು. ವೈನಿ, ನಿಮ್ಮ ಮೊಮ್ಮಗಳ ಸಾಲಿ ಚೀಲ, ನೀರಿನ ಬಾಟ್ಲಿ, ಹುಟ್ಟುಹಬ್ಬದ ಫ್ರಾಕು, ಎಲ್ಲಾದ್ರ ಮ್ಯಾಲೂ ಅದ ನೀಲಿ ಲಂಗದ ರಾಜಕುಮಾರಿ ಕೂತಾಳ. ಒಂದು ಕಥಿಗೆ ನೂರು ಮಾರಿ ಇದ್ವು. ಒಂದ ಮಾರಿ ಅಚ್ಚು ಹಾಕಿ ಬಾಟ್ಲಿಗೆ ಅಂಟಿಸಿ ಮಾರಿದ್ರಲ್ಲ, ನಿಮ್ಮ ಸಿಟ್ಟು ಅವರ ಮ್ಯಾಲೆ ಯಾಕ ಬರಲಿಲ್ಲ?

ಆ ಸಿಟ್ಟು ಜೇ ವಾರ್ಡನ ಮಂದಿಗೆ ಬಂದಿತ್ತು. ನಾವು ಅವತ್ತ ನೋಡಿದ್ದೂ ಅದನ್ನ. ಕೇಳ್ರಿ.

ಡಿಸ್ನಿಯವರು ಕ್ಯಾಲಿಫೋರ್ನಿಯಾದಾಗ 1955ರಾಗ ಡಿಸ್ನಿಲ್ಯಾಂಡ್ ತಗದ್ರು. ಅದರ ನಡುವ ಮಲಗಿದ ರಾಜಕುಮಾರಿ ಕೋಟಿ ಕಟ್ಟಿದ್ರು. ಸಿನಿಮಾ ಬಂದದ್ದು 1959ರಾಗ! ಅಂದ್ರ ಕಥಿ ಹೇಳೋಕಿಂತ ನಾಕು ವರ್ಷ ಮೊದಲ ಟಿಕೀಟು ಶುರು. ಸಿನಿಮಾಕ್ಕ 60 ಲಕ್ಷ ಡಾಲರ್ ಖರ್ಚಾತು, ಅಲ್ಲಿತನಾ ಯಾವ ಕಾರ್ಟೂನ್ ಸಿನಿಮಾಕ್ಕೂ ಅಷ್ಟು ಸುರದಿದ್ದಿಲ್ಲ. ಅದರ ಬೆನ್ನ ಹಿಂದನ ಈ ಮುರದ ಕಥಿ ಮಂದಿ ತಮ್ಮ ಮಲಗಿದ ರಾಜಕುಮಾರಿ ತಗದ್ರು. ಅದರಾಗ ರಾಜಕುಮಾರನ ಮಾರಿ ನೋಡಿದ್ರ, ಸಣ್ಣ ಮೀಸಿ, ಸಾಕ್ಷಾತ್ ವಾಲ್ಟ್ ಡಿಸ್ನಿ. ಅಂವ ಕುದರಿ ಮ್ಯಾಲೆ ಬರ್ತಾನ, ಮುಳ್ಳುಕಂಟಿ ದಾಟತಾನ, ಮುತ್ತು ಕೊಡ್ಲಿಕ್ಕೆ ಬಗ್ಗತಾನ, ಅಷ್ಟರಾಗ ತಡೀತಾನ. ಲೆಕ್ಕಾ ಹಾಕ್ತಾನ. ಇಕಿ ಎದ್ರ ಏನು ಲಾಭ, ಹತ್ತರಾಗ ಹನ್ನೊಂದನೇ ರಾಜಕುಮಾರಿ. ಮಲಗಿದ್ರ? ಮಲಗಿದ್ರ ರೊಕ್ಕ. ಎಬ್ಬಸೋದ ಇಲ್ಲ. ಅಕಿ ಸುತ್ತ ಒಂದು ಜಾತ್ರಿ ಎಬ್ಬಸ್ತಾನ, ಟಿಕೀಟು ಮಾರ್ತಾನ, ಜನ ಸಾಲಿಗೆ ನಿಂದ್ರತಾರ.

ಮೊಮ್ಮಗಳು ಚುರಮುರಿ ತಿನ್ನೋದು ನಿಲ್ಲಿಸಿ ಕೇಳಿದ್ಲು, "ಅಜ್ಜಿ, ಅಂವ ಅಕಿನ್ನ ಯಾಕ ಎಬ್ಬಸ್ಲಿಲ್ಲ?"

ನಾ ಹೇಳಿದೆ, "ಅಕಿ ಮಲಗಿದ್ರ ಅವಗ ಅನುಕೂಲ ಪುಟ್ಟಾ."

ಹೇಳಿದ್ದು ಹೇಳಿಬಿಟ್ಟೆ. ಆಮ್ಯಾಲೆ ರಾತ್ರಿ ನನಗ ನಿದ್ದಿ ಬರಲಿಲ್ಲ.

ವೈನಿ, ನಿಮಗ ನೆನಪದ. ನಾ ಈ ಮನಿಗೆ ಬಂದು ಎರಡನೇ ವರ್ಷ, ಬಿ.ಎಡ್.ಗೆ ಸೀಟು ಸಿಕ್ಕದ ಅಂತ ಕಾಗದ ಬಂತು. ಅದು ನನ್ನ ಕೈಗೆ ಬಂದದ್ದು ತಿಂಗಳು ಕಳದ ಮ್ಯಾಲೆ, ಕಡ್ಲಿಬ್ಯಾಳಿ ಡಬ್ಬಿ ಕೆಳಗ, ಹಾಕಿದ್ದ ಪೇಪರಿನ ಬುಡಕ. ಯಾರೂ ಬೈಲಿಲ್ಲ, ಯಾರೂ ಬ್ಯಾಡ ಅನ್ನಲಿಲ್ಲ. "ನಿನ್ನ ಕೈಯಾಗಿನ ಹೋಳಿಗಿ ಯಾರಿಗೆ ಬರ್ತದ, ನೀ ಇಲ್ಲಂದ್ರ ಈ ಮನಿ ನಡೀತದೇನು" ಅಂದ್ರು. ಎಷ್ಟು ಚಂದ ಹೊಗಳಿದ್ರು! ಹಬ್ಬ ಬಂದ್ರ ಊರ ಮಂದಿನೆಲ್ಲಾ ಕರದು, ನೋಡ್ರಿ ನಮ್ಮ ಸೊಸಿ, ಎಂಥಾ ಶಾಂತ ಅಂತ ತೋರಸ್ತಿದ್ರು. ನಾನೂ ಹಿಗ್ಗಿದೆ. ಇಪ್ಪತ್ತೆಂಟು ವರ್ಷ ಹಿಗ್ಗಿಲೇ ಮಲಗಿದೆ. ಮಲಗಿದ ಸೊಸಿ ಎಲ್ಲಾರಿಗೂ ಅನುಕೂಲ. ಡಿಸ್ನಿ ಸಿನಿಮಾ ನಾ ಎರಡು ಸರ್ತಿ ನೋಡೀನಿ, ಮಕ್ಕಳು ಸಣ್ಣವಿದ್ದಾಗ. ಒಂದ ಸರ್ತಿನೂ ನನಗ ಆ ಬ್ಯಾಳಿ ಡಬ್ಬಿ ನೆನಪಾಗಿದ್ದಿಲ್ಲ. ಓರೆ ಕಣ್ಣಿನ ರಂಗೋಲಿ ಚಿತ್ರದ ನಾಕು ನಿಮಿಷದ ಚಾಷ್ಟಿ ನೋಡಿ ನೆನಪಾತು.

ಕಥಿನ ನೆಟ್ಟಗ ಹೇಳಿದ್ರ ನಾವು ರಾಜಕುಮಾರಿ ಎಷ್ಟು ಚಂದ ಮಲಗ್ಯಾಳ ಅಂತ ನೋಡ್ತೀವಿ. ಮುರದು ಹೇಳಿದಾಗ, ಅಕಿ ಮಲಗಿದ್ರ ಯಾರ ಗಲ್ಲಾಪೆಟಿಗಿ ತುಂಬತದ ಅಂತ ಕಾಣ್ತದ. ಅದು ಕೂಸಿಗೆ ಬ್ಯಾಡ ಅಂತೀರೇನು? ನಿಮ್ಮ ಮೊಮ್ಮಗಳಿಗೂ ನನ್ನ ಮೊಮ್ಮಗಳಿಗೂ ನಾಳೆ ಯಾರೋ ಚಂದಾಗಿ ಹೊಗಳ್ತಾರ. ಆವಾಗ ಅವು ನಕ್ಕು, ಯಾಕ ಹೊಗಳ್ಲಿಕತ್ತೀರಿ ಅಂತ ಕೇಳಲಿ.

ಈಗ ನಿಮ್ಮ ಮಾತಿನಾಗ ಖರೇ ಇದ್ದದ್ದನ್ನ ನಾ ಒಪ್ಪತೀನಿ. ಎರಡು ಅವ.

ಒಂದು, ನೆಟ್ಟನ ಕಥಿ ಮೊದಲ ಆಗಬೇಕು. ಉಪ್ಪು ಗೊತ್ತಿಲ್ಲದವರಿಗೆ ಉಪ್ಪು ಹೆಚ್ಚಾತು ಅಂತ ಹೆಂಗ ತಿಳೀಬೇಕು? ಮುರದ ಕಥಿಗೆ ನಗಬೇಕಂದ್ರ ಇಡೀ ಕಥಿ ಹೊಟ್ಟಿಯೊಳಗ ಇರಬೇಕು. ನಾ ಅದನ್ನ ಮಾಡೀನಿ. ಮೂರು ರಾತ್ರಿ ಮೊದಲ ಹಾಸಿಗ್ಯಾಗ ಲೈಟ್ ಆರಿಸಿ ಕಥಿ ಹೇಳೀನಿ, ಅತ್ತಿ ರಾಕ್ಷಸಿದೂ ಸೇರಿಸಿ. ಆಮ್ಯಾಲೆ ಡಿವಿಡಿ. ಕಥಿ ಹೇಳದ, ಬರೇ ಚಾಷ್ಟಿ ತೋರಿಸಿ ಅಡಿಗಿಮನಿಗೆ ಹೋಗೋ ತಾಯಂದಿರಿಗೆ ನಿಮ್ಮ ಬೈಗುಳ ಹತ್ತಲಿ, ನಾನೂ ಒಂದು ಸೇರಸ್ತೀನಿ.

ಎರಡು, ಎಲ್ಲಾ ಚಾಷ್ಟಿ ಒಳ್ಳೇವಲ್ಲ. ಬಗ್ಸ್ ಬನ್ನಿ ಅನ್ನೋ ಮೊಲದ ಹಳೇ ಕಾರ್ಟೂನ್ ಅವಲ್ಲ, ಸಿನಿಮಾ ಥೇಟರಿಗೆ ಮಾಡಿ 1960ರಿಂದ ಅದರ ಹೆಸರಿನ ಶೋದಾಗ ಟಿವಿಗೂ ಬಂದಂಥವು. ಅದರಾಗೂ ಇಂಥಾ ಕಥಿ ಭಾಳ ಅವ. 1957ರ ಒಂದರಾಗ ಮೂರು ಹಂದಿಮರಿ ಬ್ಯಾಂಡ್ ಬಾರಸ್ತಾವ, ತೋಳಕ್ಕೂ ಅವರ ಜೋಡಿ ತುತ್ತೂರಿ ಊದೋ ಆಸೆ. ಊದ್ಲಿಕ್ಕೆ ಬರೂದಿಲ್ಲ, ಹೊರಗ ಹಾಕ್ತಾವ, ಅದು ಸಿಟ್ಟಿಗೆ ಮನಿ ಊದಿ ಕೆಡವತದ. ತೋಳದ ಮ್ಯಾಲೆ ನಮಗ ಕನಿಕರ ಬಂತು, ಚಲೋ ಅದ. ಆದ್ರ 1954ರ ಇನ್ನೊಂದು, ಹ್ಯಾನ್ಸೆಲ್-ಗ್ರೆಟೆಲ್ ಕಥಿ ಮ್ಯಾಲಿಂದು, "ಬಿವಿಚ್ಡ್ ಬನ್ನಿ". ಮಾಟಗಾತಿ ಕಡೀಕ ಪುಡಿ ಬಿದ್ದು ಚಂದನ ಹೆಣ್ಣುಮೊಲ ಆಗ್ತಾಳ. ಬಗ್ಸ್ ಅಕಿನ್ನ ಕೈ ಹಿಡಕೊಂಡು ಹೋಗ್ತಾ ನಮ್ಮ ಕಡೆ ಹೊಳ್ಳಿ ಹೇಳ್ತಾನ, ಏನು ಮಾಡೋದು, ಒಳಗ ಎಲ್ಲಾ ಹೆಂಗಸರೂ ಮಾಟಗಾತಿಯರ ಅಲ್ಲೇನು ಅನ್ನೋ ಅರ್ಥದಾಗ. ಮುಂದ ಟಿವಿಯವರು ಕೆಲವು ಸರ್ತಿ ಆ ಮಾತು ತಗದು ಬ್ಯಾರೆ ಮಾತು ಹಾಕಿದ್ರಂತ. ನಮಗ ಸಿಕ್ಕಿದ್ದು ಹಳೇದು. ಅಳಿಯ ನಕ್ಕಾ. ಬಾಣಂತಿ ಮಗಳು ಅವನ ಮಾರಿ ನೋಡಿದ್ಲು. ನಗಿ ಅಲ್ಲೇ ನುಂಗಿದಾ.

ನಾನು ರಿಮೋಟ್ ಒತ್ತಿ ನಿಲ್ಲಿಸಿ ಮೊಮ್ಮಗಳಿಗೆ ಕೇಳಿದೆ, "ಇದು ನಗೋ ಮಾತೇನು?" ಅಕಿ ವಿಚಾರ ಮಾಡಿ ಅಂದ್ಲು, "ಇಲ್ಲ ಅಜ್ಜಿ. ಇದರಾಗ ಏನೂ ಮುರದಿಲ್ಲ. ಇದು ಹಳೇ ಕಥಿನ."

ನೋಡ್ರಿ! ಏಳು ವರ್ಷದ್ದು. ಹೆಂಗಸು ಅಂದ್ರ ಮಾಟಗಾತಿ ಅನ್ನೋದು ಹಳೇ ಕಥಿ, ಅದನ್ನ ಮತ್ತ ಹೇಳಿದ್ರ ಚಾಷ್ಟಿ ಹೆಂಗ ಆಗ್ತದ? ಮಲಗಿದಾಕಿನ್ನ ನೋಡಿ ನಕ್ಕಿದ್ರ ಅದೂ ಹಂಗ ಆಗ್ತಿತ್ತು. ಅವರು ನಕ್ಕದ್ದು ಟಿಕೀಟು ಮಾರಾಂವನ್ನ ನೋಡಿ. ಯಾರನ್ನ ನೋಡಿ ನಗಬೇಕು, ಯಾರನ್ನ ನೋಡಿ ನಗಬಾರದು ಅಂತ ಕೂಸಿಗೆ ಹೇಳಿಕೊಡ್ಲಿಕ್ಕೆ ಇದಕ್ಕಿಂತ ಸಲೀಸು ಸಾಲಿ ನನಗ ಗೊತ್ತಿಲ್ಲ. ಬಂದ್ ಮಾಡಿದ್ರ ಅದನ್ನ ಎಲ್ಲೆ ಕಲಸ್ತೀರಿ?

ಇನ್ನ ಕಡೀ ಮಾತು, "ದೊಡ್ಡವರ ಮಾತಿಗೂ ನಗತದ" ಅಂದ್ರಲ್ಲ. ವೈನಿ, ನಮ್ಮ ದೊಡ್ಡವರು ನಕ್ಕಿದ್ದಿಲ್ಲೇನು? ನಿಮ್ಮ ಅತ್ತಿ, ನನ್ನ ಅತ್ತಿ ಅವರ, ಶಾವಿಗಿ ಹೊಸಿಯೋ ಮುಂದ ಏಳು ಮಂದಿ ಸೊಸಿ ಕಥಿ ಹೇಳ್ತಿದ್ರು. ಗಂಡಸರು ಪಡಸಾಲ್ಯಾಗ ಇದ್ರ ಸಣ್ಣ ಸೊಸಿ ತಾಳ್ಮಿಗೆ ಫಲ ಸಿಗ್ತಿತ್ತು. ಗಂಡಸರು ಹೊಲಕ್ಕ ಹೋಗಿದ್ರ ಅದ ಸಣ್ಣ ಸೊಸಿ ಅತ್ತಿ ಪಾಲಿನ ಕಡಬೂ ತಾನ ತಿಂದು, ಬೆಕ್ಕು ತಿಂತು ಅಂತಿದ್ಲು. ಕಥಿ ಅದ, ಹೇಳಾಕಿ ಅಕಿನ, ಕೇಳೋವ್ರು ಬ್ಯಾರೆ. ನಾವು ಹಿಟ್ಟಿನ ಕೈಲೆ ಬಾಯಿ ಮುಚ್ಚಿಕೊಂಡು ನಗತಿದ್ವಿ. ಎಲ್ಲಾರಗಿಂತ ಜೋರಾಗಿ ನಗಾಕಿ ನೀವು. ಅತ್ತಿ ಮ್ಯಾಲಿನ ಮರ್ಯಾದಿ ನಿಮಗೇನು ಕಡಿಮಿ ಆತು? ಅವರ ಕಡೀ ಎರಡು ವರ್ಷ ಹಾಸಿಗಿ ಹಿಡದಾಗ ಬಾಯಿಗೆ ಗಂಜಿ ಹಾಕಿದಾಕಿ ನೀವ.

ಆ ಬ್ಯಾಳಿ ಡಬ್ಬಿ ಕಾಗದ ಸಿಕ್ಕ ದಿವಸ ನನ್ನ ಪರವಾಗಿ ಮಾತಾಡಿದಾಕಿನೂ ನೀವೊಬ್ರ. ಗ್ವಾಡಿಗೆ ಮಾರಿ ಮಾಡಿ ಅಳ್ತಿದ್ದೆ, ನೀವು ಬಂದು ಕೂತು, ಎಲ್ಲಾರಿಗೂ ಕೇಳಿಸೋಹಂಗ ಅಂದ್ರಿ, "ಕಾಗದ ಬ್ಯಾಳಿ ಕೆಳಗ ಇಟ್ರ ಅದು ಮೊಳಕಿ ಒಡೀತದ ಅಂತ ತಿಳದಿರಬೇಕು ಪಾಪ." ನಾ ಅಳೋ ಮುಂದ ನಕ್ಕುಬಿಟ್ಟೆ. ಆ ಮನಿಯೊಳಗ ಆ ದಿವಸ ಅದಕ್ಕಿಂತ ಹೆಚ್ಚಿಂದು ಯಾರೂ ಮಾಡೋಹಂಗ ಇದ್ದಿದ್ದಿಲ್ಲ. ಅದು ಚಾಷ್ಟಿನ ಅಲ್ಲೇನು ವೈನಿ? ಅದನ್ನ ನಾ ಕೂಸಿಗೆ ಕಲಸಬಾರದೇನು?

ಬರೋ ತಿಂಗಳು ಹದಿನೆಂಟಕ್ಕ ನಾ ಊರಿಗೆ ಬರ್ತೀನಿ. ಪೆನ್‌ಡ್ರೈವ್‌ದಾಗ ಹಾಕಿಕೊಡು ಅಂದ್ರ ಅಳಿಯ ಅದು ಕಾನೂನಲ್ಲ ಅಂದಾ, ಅದಕ್ಕ ಡಿವಿಡಿನ ಕೊಂಡು ತರ್ತೀನಿ. ನಿಮ್ಮ ಮನ್ಯಾಗ ಆ ಹಳೇ ಪ್ಲೇಯರ್ ಇನ್ನೂ ಅಟ್ಟದ ಮ್ಯಾಲೆ ಅದಲ್ಲ, ಇಳಿಸಿ ಒರಸಿ ಇಡ್ರಿ. ಮೊದಲ ನೀವು ನಿಮ್ಮ ಮೊಮ್ಮಗಳಿಗೆ ಸಣ್ಣ ಸೊಸಿ ಕಥಿ ಹೇಳ್ರಿ, ಎರಡೂ ತರಹ. ಆಮ್ಯಾಲೆ ಎಲ್ಲಾರೂ ಕೂಡಿ ನೋಡೋಣು. ನೋಡಿದ ಮ್ಯಾಲೂ ಕೆಟ್ಟದ್ದು ಅನಿಸಿದ್ರ ಗ್ರೂಪಿನಾಗ ಬರೀರಿ, ಮೊದಲನೇ ಹೆಬ್ಬೆರಳು ನಂದ.

ಚುರಮುರಿ ಮಾತ್ರ ನೀವು ಹಚ್ಚಬೇಕು. ಇಲ್ಲೀ ಚುರಮುರಿ ಮೆತ್ತಗ ಇರ್ತಾವ.